ಹೊರಗೆ ಹೋದ ಹೆಜ್ಜೆಗಳು

ಪುಟ್ಟ ಮಕ್ಕಳ ಅಂಗೈ, ಅಂಗಾಲಿಗೆ ಬಣ್ಣ ಹಚ್ಚಿ ಚಿತ್ರ ಮಾಡಿಸುವುದು ನನ್ನ ಕೆಲಸ. ಮಕ್ಕಳಿಂದ ಇದುವರೆಗೆ ತೊಂದರೆಯಾಗಿಲ್ಲ. ಆಗುವುದೆಲ್ಲ ದೊಡ್ಡವರಿಂದ, ಅದೂ ವಾರ ತಪ್ಪದೆ.

ಭಾನುವಾರದ ಕ್ಲಾಸು ಬೆಳಗಾವಿಯ ಮಹಾಂತೇಶ ನಗರದಲ್ಲಿ, ನಿವೃತ್ತ ಸುಬೇದಾರರೊಬ್ಬರ ಮನೆಯ ಮುಂದಿನ ಖೋಲಿಯಲ್ಲಿ. ಬಣ್ಣ ಎಂದಕೂಡಲೇ ಬೇರೆಯವರೆಲ್ಲ ಜಾಗ ಇಲ್ಲವೆಂದಿದ್ದರು. ಸುಬೇದಾರರದೂ ಒಂದು ಷರತ್ತಿತ್ತು: "ನೆಲಕ್ಕ ಬಿಳಿ ಫರಸಿ ಐತ್ರಿ. ಒಂದ ಹನಿ ಬಣ್ಣ ಬಿತ್ತಂದ್ರ ಅವತ್ತ ಖೋಲಿ ಖಾಲಿ."

ಕೈ

ಮೊದಲ ವಾರ ಅಂಗೈ ಅಚ್ಚು. ಹಾಳೆಗಳನ್ನು ದಾರಕ್ಕೆ ಒಣಹಾಕಿದ್ದೆ. ಒಬ್ಬ ಅಪ್ಪ ಮಗನ ಹಾಳೆಯನ್ನೂ ಪಕ್ಕದ್ದನ್ನೂ ಬಹಳ ಹೊತ್ತು ನೋಡಿದರು.

"ಬಾಜೂದ್ದು ದೊಡ್ಡದ ಬಂದೈತಲ್ರಿ?"

"ಆ ಹುಡುಗಿ ಇವಂಗಿಂತ ಎರಡ ವರ್ಷ ದೊಡ್ಡಾಕಿರಿ."

"ಇರ್ಲಿ. ಇವಂಗೂ ಮನ್ಯಾಗ ಪ್ರ್ಯಾಕ್ಟೀಸ್ ಮಾಡಸ್ತೇನ್ರಿ. ಮುಂದಿನ ವಾರ ದೊಡ್ಡದ ಬರತೈತಿ."

ಮೈ

ಶನಿವಾರ ಖಾನಾಪುರದ ಬಾಲವಾಡಿ. ಒಂದು ಮಗು ದೊಡ್ಡ ಹಾಳೆಯ ಮೇಲೆ ಅಂಗಾತ ಮಲಗಬೇಕು, ಇನ್ನೊಂದು ಅದರ ಸುತ್ತ ಗೆರೆ ಎಳೆಯಬೇಕು. ಎಳೆಯುತ್ತಿದ್ದ ಹುಡುಗ ಎಡಗಡೆ ಮುಗಿಸಿ, ಮಲಗಿದವನನ್ನು ದಾಟಿ ಬಲಗಡೆಗೆ ಬಂದ. ಮಲಗಿದವನ ಅಜ್ಜಿ ಬಾಗಿಲಲ್ಲೇ ಇದ್ದರು.

"ಅಯ್ಯ ದೇವಾ, ದಾಟಿದೇನೋ! ನಮ್ಮ ಕೂಸು ಇನ್ನ ಎತ್ತರ ಆಗೂದಿಲ್ಲ! ತಿರಗಿ ದಾಟ, ತಿರಗಿ!"

ತಿರುಗಿ ದಾಟಿಸಿದೆವು. ಅಜ್ಜಿಗೆ ಸಮಾಧಾನವಾಯಿತು. ಉಳಿದ ಮಕ್ಕಳಿಗೆ ಇದು ಚಿತ್ರಕ್ಕಿಂತ ರುಚಿಸಿತು. ಎಲ್ಲರೂ ಎಲ್ಲರನ್ನೂ ದಾಟಿದರು. ಯಾರು ತಿರುಗಿ ದಾಟಿದರು, ಯಾರು ಬಿಟ್ಟರು, ಯಾರಿಗೂ ತಿಳಿಯದು. ಮುಂದೆ ಖಾನಾಪುರದಲ್ಲಿ ಕುಳ್ಳರು ಹೆಚ್ಚಾದರೆ ಕಾರಣ ಹುಡುಕಬೇಕಾಗಿಲ್ಲ.

ಕಾಲು

ಮರುದಿನ ಮಹಾಂತೇಶ ನಗರದಲ್ಲಿ ಅಂಗಾಲಿಗೆ ಕೆಂಪು ಬಣ್ಣ. ಹಾಳೆಯ ಮೇಲಷ್ಟೇ ನಡೆಯಬೇಕು. ನಡೆಯುತ್ತಲೂ ಇದ್ದರು. ಅಷ್ಟರಲ್ಲಿ ಹೊರಗೆ ಐಸ್‌ಕ್ರೀಮ್ ಗಾಡಿಯ ಗಂಟೆ ಕೇಳಿಸಿತು. ಇಡೀ ಕ್ಲಾಸು ಹಾಳೆಯಿಂದ ಫರಸಿಗೆ, ಫರಸಿಯಿಂದ ಹೊಸ್ತಿಲಿಗೆ, ಹೊಸ್ತಿಲಿಂದ ಗೇಟಿಗೆ ಓಡಿತು.

ಸುಬೇದಾರರು ಫರಸಿ ನೋಡಿದರು. "ಖಾಲಿ ಮಾಡ್ರಿ."

ಅವರ ಹೆಂಡತಿ ನೋಡಿದ್ದು ಹೊಸ್ತಿಲನ್ನು. ಪ್ರತಿ ದೀಪಾವಳಿಗೆ ಅವರು ಗೇಟಿನಿಂದ ದೇವರ ಕೋಣೆಯವರೆಗೆ ಬರೆಯುವಂಥವೇ ಸಣ್ಣ ಕೆಂಪು ಹೆಜ್ಜೆಗಳು. ಬೆರಳು ಮಾತ್ರ ಗೇಟಿನ ಕಡೆ.

"ಲಕ್ಷ್ಮಿ ಹೊಂಟ ಹ್ವಾದ್ಲಲ್ರೀ!"

ನನಗೆ ಖಾನಾಪುರದ ಅಜ್ಜಿ ನೆನಪಾದರು. "ಅಕ್ಕಾರ, ತಿರಗಿ ಒಳಗ ಕರಸೂಣೇನ್ರಿ?"

"ಈಗಿಂದೀಗ ಕರಸ್ರಿ!"

ಗೇಟಿನ ಬಳಿ ಮತ್ತೆ ಬಣ್ಣ ಹಚ್ಚಿದೆ. ಮಕ್ಕಳು ಐಸ್‌ಕ್ರೀಮ್ ಚೀಪುತ್ತ ಸಾಲಾಗಿ ದೇವರ ಕೋಣೆಯವರೆಗೆ ನಡೆದರು. ಅಕ್ಕಾರು ಗಂಡನ ಕೈಗೆ ಒದ್ದೆ ಬಟ್ಟೆ ಕೊಟ್ಟರು.

"ಹೊರಗ ಹೋಗಿದ್ದಷ್ಟ ಒರಸ್ರಿ. ಒಳಗ ಬಂದಿದ್ದು ಮುಟ್ಟಬ್ಯಾಡ್ರಿ."

"ಖೋಲಿ ಖಾಲಿ ಮಾಡೂದು?" ಎಂದು ಅಕ್ಕಾರನ್ನು ಕೇಳಿದೆ.

"ಲಕ್ಷ್ಮೀನ ಕರಕೊಂಡ ಬಂದಾವರನ್ನ ಯಾರರೆ ಹೊರಗ ಹಾಕ್ತಾರೇನ್ರಿ?"

ಸುಬೇದಾರರು ಕುಕ್ಕರಗಾಲಲ್ಲಿ ಕೂತು, ಒಂದೊಂದು ಹೆಜ್ಜೆಯ ಬೆರಳು ಯಾವ ಕಡೆ ಇದೆಯೆಂದು ತಪಾಸಣೆ ಮಾಡಿ ಒರೆಸುತ್ತ ಗೇಟು ಮುಟ್ಟಿದರು. ತಿರುಗಿ ನೋಡಿದರೆ, ನಡುವೆ ಹಸಿ ಬಣ್ಣ ತುಳಿದಿದ್ದರು. ಹೊಸ್ತಿಲಿಂದ ಗೇಟಿನವರೆಗೆ ಅವರದೇ ದೊಡ್ಡ ಕೆಂಪು ಹೆಜ್ಜೆಗಳು, ಹೊರಗೆ ಹೊರಟಂಥವು.

ಅವರು ಮತ್ತೆ ಬಟ್ಟೆ ಹಿಂಡಿದರು. ಅಕ್ಕಾರು ಆ ಹೆಜ್ಜೆಗಳನ್ನು ಸ್ವಲ್ಪ ಹೊತ್ತು ನೋಡಿದರು.

"ಅವು ಇರ್ಲಿ ಬಿಡ್ರಿ."