ಹಾಸಿಗೆಯ ಮೇಲಿನ ಹುಳದ ಕುಲಗೋತ್ರ

ಬೆಳಗ್ಗೆ ಎದ್ದು ಡಿಕಾಕ್ಷನ್ ಇಳಿಸಿ, ನಾಯಿಗೆ ಅನ್ನ ಹಾಕಿ, ಇವರ ಕನ್ನಡಕ ಹುಡುಕಿಕೊಟ್ಟ ಮೇಲೆ ಹಾಸಿಗೆ ಕೊಡವುವುದು ನನ್ನ ದಿನಚರಿ. ಕಾನ್ವೆಂಟಿನಲ್ಲಿ ಕಲಿತವಳು ನಾನು. ಹೊದಿಕೆಯ ನಾಲ್ಕು ಮೂಲೆ ಸರಿಯಾಗಿ ಕೂರದಿದ್ದರೆ ಆ ದಿನ ಯಾರ ಮೇಲಾದರೂ ಕೋಪ ಬರುತ್ತದೆ. ಮೊನ್ನೆ ಬಿಳಿ ಹೊದಿಕೆಯ ನಟ್ಟನಡುವೆ, ಹುಣಸೆ ಬೀಜದ ಅರ್ಧದಷ್ಟು ದೊಡ್ಡದೊಂದು ಕಂದು ಹುಳ ಕೂತಿತ್ತು. ಇವರು ಬಾಗಿಲಲ್ಲೇ ನಿಂತು, "ತಿಗಣೆ. ಆಳುಗಳ ಲೈನ್ ಮನೆಯಿಂದ ಬಂದಿರಬೇಕು" ಎಂದು ತೀರ್ಪು ಕೊಟ್ಟು ತೋಟಕ್ಕೆ ಹೋದರು. ಕಾಫಿ ಕಾಂಡ ಕೊರೆಯುವ ದುಂಬಿಯನ್ನೂ ಎಲೆಗೆ ಅಂಟಿದ ಹಿಟ್ಟು ತಿಗಣೆಯನ್ನೂ 'ಬಗ್ಸ್' ಎಂಬ ಒಂದೇ ಚೀಲಕ್ಕೆ ತುಂಬುವವರು ಅವರು. ಆದರೂ ನಂಬಿದೆ. ಲೈನ್ ಮನೆ ಎಂದ ಮೇಲೆ ಸಾಕ್ಷಿ ಕೇಳುವ ರೂಢಿ ನಮ್ಮಲ್ಲಿಲ್ಲ.

ಹದಿಮೂರು ವರ್ಷದಿಂದ ನಮ್ಮ ಮನೆಗೆಲಸ ಮಾಡುವ ಗಿರಿಜ ಇರುವುದು ಅದೇ ಲೈನಿನಲ್ಲಿ. ಅವಳು ಬಂದಾಗ ಮೆತ್ತಗೆ ಹೇಳಿದೆ: "ನಿಮ್ಮನೆಯಿಂದ ತಿಗಣೆ ಬಂದಿದೆ ಗಿರಿಜಾ. ಕಂಬಳಿ ಎಲ್ಲ ಬಿಸಿನೀರಲ್ಲಿ ಅದ್ದಿ, ನಾಲ್ಕು ದಿನ ಬಿಟ್ಟು ಬಾ. ಪ್ಲೀಸ್." ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲವೇನೋ.

ಅವಳು ಪೊರಕೆ ಕೆಳಗಿಟ್ಟು ಹಾಸಿಗೆಯತ್ತ ಬಗ್ಗಿದಳು. "ಇದರ ಬೆನ್ನು ನೋಡಿದ್ರಾ ಅಮ್ಮಾ? ರೆಕ್ಕೆ ಉಂಟು. ತಿಗಣೆಗೆ ಎಲ್ಲಿ ರೆಕ್ಕೆ? ಇದು ಅವರೆ ಬಳ್ಳಿ ಹುಳ. ನಿನ್ನೆ ಬಿಸಿಲು ಬಂತೂಂತ ಹಾಸಿಗೇನ ಅವರೆ ಚಪ್ಪರಕ್ಕೆ ಒರಗಿಸಿದ್ದು ಯಾರು?"

ಒರಗಿಸಿದ್ದು ನಾನೇ. ಅವಳು ಉಗುರಿನಿಂದ ತಟ್ಟಿದಾಗ ಹುಳ ಕೋಣೆ ತುಂಬ ಗಬ್ಬು ಬಿಟ್ಟು ಹಾರಿ ಕಿಟಕಿಯ ಗಾಜಿನ ಮೇಲೆ ಕೂತಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಜೀವಶಾಸ್ತ್ರದಲ್ಲಿ ನನಗೆ ಬಹುಮಾನ ಬಂದಿತ್ತು. ಸಿಸ್ಟರ್ ಬರೆಸಿದ ಚಿತ್ರ ನೆನಪಾಯಿತು. ದುಂಬಿ ಕಚ್ಚಿ ಅಗಿಯುತ್ತದೆ. ತಿಗಣೆಯ ಬಳಗಕ್ಕೆ ಸೂಜಿಯಂಥ ಕೊಕ್ಕು. ಚುಚ್ಚಿ, ಸದ್ದಿಲ್ಲದೆ ಹೀರುತ್ತದೆ. ಊಟದ ಮೇಜಿನ ಶಿಸ್ತು ನಮಗಿಂತ ಅದಕ್ಕೇ ಚೆನ್ನಾಗಿ ಬಂದಿದೆ. "ನೋಡು ಗಿರಿಜಾ, ಇದರ ಮೇಲಿನ ರೆಕ್ಕೆ ಅರ್ಧ ಚರ್ಮದ ಹಾಗೆ, ಅರ್ಧ ಬೆಣ್ಣೆ ಕಾಗದದ ಹಾಗೆ. ಮಂಚದ ತಿಗಣೆಗೆ ರೆಕ್ಕೆ ಇಲ್ಲದಿದ್ದರೂ ಕೊಕ್ಕು ಇದರದ್ದೇ. ಮರದಲ್ಲಿ ಕಿರ್ರೆನ್ನುವ ಜೀರುಂಡೆ, ಕೆರೆ ನೀರಿನ ಮೇಲೆ ಓಡಾಡುವ ಹುಳ, ಎಲ್ಲ ಒಂದೇ ಕುಲ. ಹಾಗಾಗಿ ನಾನು ಹೇಳಿದ್ದು ಪೂರ್ತಿ ತಪ್ಪಲ್ಲ."

"ಒಂದೇ ಕುಲ ಅಂತ ಒಬ್ಬ ಕಚ್ಚಿದ್ದಕ್ಕೆ ಇನ್ನೊಬ್ಬನ್ನ ಹೊರಗೆ ಹಾಕೂದಾ? ನಿಮ್ಮ ಭಾವ ಕುಡಿದು ಜೀಪು ಚರಂಡಿಗೆ ಬಿಟ್ರಲ್ಲ, ಆಗ ನಿಮ್ಮನ್ನ ಯಾರೂ ಕ್ಲಬ್ಬಿಂದ ತೆಗೀಲಿಲ್ಲ."

"ಸಾರಿ" ಎಂದೆ. 'ತಪ್ಪಾಯಿತು' ಎನ್ನಲು ನಾಲಗೆ ಏಳಲಿಲ್ಲ. ಇಂಗ್ಲಿಷಿನದು ಸಲೀಸು, ಕಾಲು ತುಳಿದರೂ ಅದೇ, ಮಾನ ತುಳಿದರೂ ಅದೇ. ಗಿರಿಜ ಪಾತ್ರೆ ತೊಳೆದು, ಒರೆಸಿ, ಎಂದಿಗಿಂತ ಅಚ್ಚುಕಟ್ಟಾಗಿ ಜೋಡಿಸಿಟ್ಟು ಹೋದಳು. ಆ ಅಚ್ಚುಕಟ್ಟೇ ನನ್ನನ್ನು ಹೆದರಿಸಿತು. ನಾಳೆ ಬರುತ್ತಾಳೋ ಇಲ್ಲವೋ ಎಂಬ ಒಂದೇ ಯೋಚನೆಯಲ್ಲಿ ಮಧ್ಯಾಹ್ನದ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಸಂಜೆ ಪಕ್ಕದ ಎಸ್ಟೇಟಿನ ವಿಮಲಕ್ಕ ಕರಿಬೇವಿಗೆ ಬಂದರು. ಕೊಂಬೆ ಬಗ್ಗಿಸಿ ಎಸಳು ಮುರಿಯುತ್ತ, ಮಳೆಯ ವಿಷಯ ಹೇಳುವಷ್ಟೇ ಸಲೀಸಾಗಿ ಅಂದರು:

"ಗಿರಿಜ ನಾಳೆಯಿಂದ ನಮ್ಮನೆಗೆ ಬರ್ತಾಳಂತೆ. ಯಾಕೆ ಅಂತ ಕೇಳಿದ್ದಕ್ಕೆ, ನಿಮ್ಮನೆ ಹಾಸಿಗೇಲಿ ತಿಗಣೆ ಅಂದ್ಲು. ನಾನು ನಂಬ್ಲಿಲ್ಲ ಮಾರಾಯ್ರೆ. ಆದ್ರೆ ಹಾಗಂತ ಹೇಳಿದ್ದು ನೀವೇ ಅಂತೆ."