ಯುರೋಪಿನಲ್ಲಿ ನಾನು ಫೇಲಾದದ್ದು

ಕೆಲವರಿಗೆ ಹಲ್ಲಿ ಕಂಡರೆ ಆಗುವುದಿಲ್ಲ, ಕೆಲವರಿಗೆ ಲಿಫ್ಟ್ ಹತ್ತಲು ಭಯ. ನನಗೆ ಯುರೋಪು ಕಂಡರೆ ಆಗುವುದಿಲ್ಲ. ಇಡೀ ಯುರೋಪು ಅಂತಲ್ಲ. ಅಲ್ಲಿನ ಚಾಕಲೇಟು, ಚಳಿ, ಗಡಿಯಾರಗಳ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಬಿ.ಎ. ಅಂತಿಮ ವರ್ಷದ ಇತಿಹಾಸ ಪತ್ರಿಕೆಯಲ್ಲಿ ಬರುವ, ೧೭೮೯ರಿಂದ ಈಚೆಗಿನ ಯುರೋಪು ಕಂಡರೆ ಮಾತ್ರ ಕೈಕಾಲು ಸೋಲುತ್ತದೆ. ಆ ಜನಕ್ಕೆ ದಣಿವೆಂಬುದೇ ಇಲ್ಲ. ಫ್ರಾನ್ಸಿನವರು ಒಂದು ಸಲ ಕ್ರಾಂತಿ ಮಾಡಿದರು, ಸರಿ. ಮಾಡಿ ಮುಗಿಸಿ ಮನೆಗೆ ಹೋಗಿ ಉಂಡು ಮಲಗಬೇಕಲ್ಲ? ೧೮೩೦ರಲ್ಲಿ ಮತ್ತೊಮ್ಮೆ, ೧೮೪೮ರಲ್ಲಿ ಮಗದೊಮ್ಮೆ. ನಾನು ಬಹರೈನಿನ ಗುಫೂಲ್‌ನ ನಮ್ಮ ಫ್ಲ್ಯಾಟಿನ ಹಾಲ್‌ನ ಪರದೆ ಬದಲಾಯಿಸಬೇಕೆಂದು ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ. ಸ್ಟೂಲು ಹತ್ತುವ ಉತ್ಸಾಹ ಬಂದಿಲ್ಲ. ಅವರು ಹದಿನೆಂಟು ವರ್ಷದೊಳಗೆ ಎರಡು ಸಲ ರಾಜನನ್ನೇ ಬದಲಾಯಿಸಿದರು. ಅಷ್ಟು ಚುರುಕಿನವರ ಸಂಗತಿಯನ್ನು ನನ್ನಂಥವಳು ಓದಿ ನೆನಪಿಟ್ಟುಕೊಳ್ಳುವುದಾದರೂ ಹೇಗೆ?

ಇಟ್ಟುಕೊಳ್ಳಲಾಗಲಿಲ್ಲ. ನಾನು ಆ ಪತ್ರಿಕೆಯಲ್ಲಿ ಫೇಲಾದೆ. ಇಷ್ಟು ಸಣ್ಣ ವಾಕ್ಯ ಬರೆಯಲು ನನಗೆ ಹದಿನೇಳು ವರ್ಷ ಹಿಡಿಯಿತು. ಅಂಕಪಟ್ಟಿ ಕೈಗೆ ಬಂದಾಗ ನನ್ನ ಮದುವೆಗೆ ಎಂಟು ದಿನ ಇತ್ತು. ಕಾರ್ಕಳದ ಮನೆಯ ಜಗಲಿಯಲ್ಲಿ ಕೂತು ಅಪ್ಪ ಅದನ್ನು ಎರಡು ಸಲ ಓದಿದರು, ನಾಲ್ಕು ಮಡಿಕೆ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. "ಕಾಗದ ಹಂಚಿ ಆಗಿದೆ," ಎಂದಷ್ಟೇ ಹೇಳಿದರು. ಹಂಚಿ ಆದ ಆ ಮದುವೆಯ ಕಾಗದದಲ್ಲಿ 'ಚಿ. ಸೌ. ಜಯಂತಿ, ಬಿ.ಎ.' ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಉಳಿದವರಿಗೆಲ್ಲ ವಿಶ್ವವಿದ್ಯಾನಿಲಯ ಪದವಿ ಕೊಡುತ್ತದೆ. ನನಗೆ ಕೊಟ್ಟದ್ದು ಕಾರ್ಕಳ ಬಸ್ ಸ್ಟ್ಯಾಂಡ್ ಹತ್ತಿರದ ಪ್ರಿಂಟಿಂಗ್ ಪ್ರೆಸ್ಸು.

ಆ ಪದವಿಯನ್ನು ಸುಮ್ಮನೆ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ. ನಾನು ಅದನ್ನು ದಿನಬಳಕೆಗೆ ತೆಗೆದೆ. ನಮ್ಮವರು, ಅಂದರೆ ಸುಧಾಕರ, ಐಟಿಐ ಮುಗಿಸಿ ಬಹರೈನಿಗೆ ಬಂದು, ಏಸಿ ರಿಪೇರಿಯಿಂದ ಶುರುಮಾಡಿ ಈಗ ಸೂಪರ್‌ವೈಸರ್ ಆದವರು. ಆಗಸ್ಟ್ ತಿಂಗಳಲ್ಲಿ ಈ ಊರಿನಲ್ಲಿ ಅವರಿಗಿರುವ ಮರ್ಯಾದೆ ದೊಡ್ಡ ದೊಡ್ಡ ಡಾಕ್ಟರಿಗೂ ಇಲ್ಲ. ಆದರೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ನಾನು ಒಂದು ಹಂತದಲ್ಲಿ ಸೆರಗು ಸರಿಪಡಿಸಿಕೊಂಡು, "ನೋಡಿ, ನಾನು ಬಿ.ಎ. ಓದಿದವಳು," ಎನ್ನುತ್ತಿದ್ದೆ. ಅಲ್ಲಿಗೆ ಜಗಳ ಮುಗಿಯುತ್ತಿತ್ತು. ವ್ಯಾಕರಣದ ಪ್ರಕಾರ ಅದು ಸುಳ್ಳೂ ಅಲ್ಲ. ಓದಿದ್ದೆ, ಪಾಸಾದೆ ಎಂದು ಯಾವತ್ತೂ ಹೇಳಲಿಲ್ಲ. ಅವರು ಮಾತ್ರ ಯಾವ ಕಾಗದ ಬಂದರೂ, ಬಾಡಿಗೆ ಕರಾರಿರಲಿ, ಮಗಳ ಶಾಲೆಯ ಫಾರ್ಮಿರಲಿ, "ನೀನು ಓದಿದವಳು, ನೀನೇ ನೋಡು," ಎಂದು ನನ್ನ ಮುಂದೆ ಇಡುತ್ತಿದ್ದರು.

ಹೀಗೆ ನೆಮ್ಮದಿಯಾಗಿದ್ದಾಗ ನಮ್ಮ ಆಫೀಸಿಗೆ ಶೈನಿ ಎಂಬ ಹೊಸ ಮಲಯಾಳಿ ಎಚ್‌ಆರ್ ಬಂದಳು. ನಾನು ಅಲ್ಲಿ ಹನ್ನೊಂದು ವರ್ಷದಿಂದ ಅಡ್ಮಿನ್ ಕೆಲಸದಲ್ಲಿದ್ದೇನೆ. ಸೇರುವಾಗ ಬಿ.ಎ. ಎಂದು ಬರೆದಿದ್ದೆ, ಯಾರೂ ಕೇಳಿರಲಿಲ್ಲ. ಶೈನಿಗೆ ಫೈಲು ಅಂದರೆ ದೇವರು. "ಜಯಂತಿ ಚೇಚಿ, ಎಲ್ಲರದ್ದೂ ಬಂದಿದೆ, ನಿಮ್ಮ ಡಿಗ್ರಿ ಸರ್ಟಿಫಿಕೇಟ್ ಮಾತ್ರ ಬಾಕಿ," ಎಂದಳು. ಊರಲ್ಲಿದೆ ಎಂದೆ. "ಮಾಫಿ ಮುಷ್ಕಿಲ್, ತೊಂದರೆ ಇಲ್ಲ, ತರಿಸಿ. ಆರು ತಿಂಗಳು ಟೈಮ್ ಇದೆ. ಇಲ್ಲದಿದ್ದರೆ ವೀಸಾ ರಿನ್ಯೂ ಮಾಡುವಾಗ ಈ ಪೋಸ್ಟ್ ಕೊಡಲಿಕ್ಕೆ ಆಗುವುದಿಲ್ಲ," ಎಂದು ನಕ್ಕಳು. ಕೆಟ್ಟ ಸುದ್ದಿಯನ್ನು ನಗುತ್ತಾ ಹೇಳುವುದು ಈ ಎಚ್‌ಆರ್‌ನವರಿಗೆ ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ತಿಳಿಯದು.

ಅಪ್ಪನನ್ನು ಬಿಟ್ಟರೆ ನನ್ನ ಗುಟ್ಟು ಗೊತ್ತಿದ್ದವಳು ಭೂಮಿಯ ಮೇಲೆ ಒಬ್ಬಳೇ, ಅಕ್ಕ ವನಜ. ಫೋನು ಮಾಡಿ ಅತ್ತೆ. ಅವಳು ವಾರದ ಮೇಲೆ ತಿರುಗಿ ಫೋನು ಮಾಡಿ, "ಹಳೇ ಸ್ಕೀಮಿನವರಿಗೆ ಒಂದು ಕಡೇ ಅವಕಾಶ ಕೊಡ್ತಾರಂತೆ, ಪೇಪರಿನಲ್ಲಿ ಬಂದಿದೆ. ಮಂಗಳೂರಿನಲ್ಲಿ ಪರೀಕ್ಷೆ, ಇನ್ನು ಎರಡು ತಿಂಗಳುಂಟು. ನಾನೇ ಅರ್ಜಿ ಹಾಕಿಸ್ತೇನೆ, ನೀನು ಓದು," ಎಂದಳು. ಓದು! ನಲವತ್ತರ ಹತ್ತಿರ ಬಂದ ಮೇಲೆ ನಾನು ಓದಿದ್ದು ಮಾತ್ರೆ ಡಬ್ಬಿಯ ಮೇಲಿನ ತಾರೀಕು ಮಾತ್ರ. ಆದರೂ ಅವಳು ಯಾರದೋ ನೋಟ್ಸಿನ ಫೋಟೋ ತೆಗೆದು ಕಳಿಸತೊಡಗಿದಳು. ಮನೆಯಲ್ಲಿ ಓದುವಂತಿರಲಿಲ್ಲ. ಮಧ್ಯಾಹ್ನ ಈಸಾ ಟೌನಿನಲ್ಲಿ ಮಗಳ ಶಾಲೆ ಬಿಡುವುದನ್ನು ಕಾಯುತ್ತಾ, ಬಸ್ಸು ಕಾರುಗಳ ಹಾರ್ನುಗಳ ನಡುವೆ, ಏಸಿ ಹಾಕಿಕೊಂಡು ಕಾರಿನಲ್ಲಿ ಕೂತು ಓದಿದೆ. ನೆಪೋಲಿಯನ್ ರಷ್ಯಾದ ಹಿಮದಲ್ಲಿ ಸೋತು ಬರುತ್ತಿದ್ದರೆ ಹೊರಗೆ ನಲವತ್ತಾರು ಡಿಗ್ರಿ. ಅವನ ಮೇಲೆ ಅಸೂಯೆ ಆಗುತ್ತಿತ್ತು.

ಮಗಳು ಧೃತಿ ಹತ್ತನೇ ಕ್ಲಾಸು. ಅವಳಿಗೂ ಅದೇ ಪಾಠ, ಯುರೋಪಿನಲ್ಲಿ ರಾಷ್ಟ್ರೀಯತೆಯ ಉದಯ. ಅವಳದ್ದು ಇಂಗ್ಲಿಷಿನಲ್ಲಿ, ನನ್ನದು ಕನ್ನಡದಲ್ಲಿ. ಒಂದು ದಿನ ಬಾಗಿಲು ತೆಗೆದು ಒಳಗೆ ಬಂದವಳು ನನ್ನ ಮೊಬೈಲು ಕಸಿದು ನೋಡಿದಳು. ನನಗೆ ತಪ್ಪಿಸಿಕೊಳ್ಳಲಾಗಲಿಲ್ಲ, ಹೇಳಿಬಿಟ್ಟೆ. ಅವಳು ನಗಲಿಲ್ಲ. ಮಾರನೇ ದಿನದಿಂದ ಹಿಂದಿನ ಸೀಟಿನಲ್ಲಿ ಕೂತು ಪ್ರಶ್ನೆ ಕೇಳತೊಡಗಿದಳು. "ಅಮ್ಮಾ, ಮೆಟರ್ನಿಕ್ ಆಸ್ಟ್ರಿಯಾ. ಬಿಸ್ಮಾರ್ಕ್ ಪ್ರಷ್ಯಾ. ಎಷ್ಟು ಸಲ ಹೇಳ್ಬೇಕು?" ಎಂದು, ನಾನು ಮಗ್ಗಿ ಕಲಿಸುವಾಗ ಗದರಿದ ಅದೇ ಧಾಟಿಯಲ್ಲಿ ಗದರುತ್ತಿದ್ದಳು. ಅವಳಿಗೆ ಉತ್ತರದ ಮೊದಲು ಪೀಠಿಕೆ ಬರೆಯಬೇಕು, ಕೊನೆಯಲ್ಲಿ ಉಪಸಂಹಾರ ಇರಬೇಕು ಎಂದು ನಾನೂ ಅಷ್ಟಿಷ್ಟು ಹೇಳಿಕೊಟ್ಟೆ. ಅಮ್ಮನಾದ ಮೇಲೆ ಏನಾದರೂ ಹೇಳಿಕೊಡಬೇಕಲ್ಲ. "ಪಪ್ಪನಿಗೆ ಹೇಳ್ಬೇಡ," ಎಂದೆ. "ಯಾಕೆ? ಹೀ ವಿಲ್ ಬಿ ಸೋ ಪ್ರೌಡ್," ಎಂದಳು. ಅವಳು ಹುಟ್ಟುವ ಮೊದಲೇ ಆ ಪ್ರೌಡು ಆಗಿ ಮುಗಿದಿದೆ ಎಂದು ಅವಳಿಗೆ ಹೇಗೆ ವಿವರಿಸಲಿ?

ಮಂಗಳೂರಿಗೆ ಹೋಗಲು ಒಂದು ನೆಪ ಬೇಕಿತ್ತು. ಹಲ್ಲು ನೋವೆಂದೆ, ಇಲ್ಲಿಯವರು ಹಲ್ಲು ಕಟ್ಟಿಸಲು ಊರಿಗೆ ಹೋಗುವುದು ಹೊಸತೇನಲ್ಲ. ನಮ್ಮವರು ಗಾಬರಿಬಿದ್ದರು. "ಅಷ್ಟು ದಿನ ನೋವು ತಿಂದುಕೊಂಡು ಇರುದು ಎಂತಕ್ಕೆ? ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮ ಹಮೀದಾಕನ ಅಳಿಯ ಹಲ್ಲಿನ ಡಾಕ್ಟರ್ ಅಲ್ವಾ? ನಡಿ," ಎಂದು ಅದೇ ಸಂಜೆ ಕರೆದುಕೊಂಡೇ ಹೋದರು. ಆ ಹುಡುಗ ಡಾಕ್ಟರು ನನ್ನ ಬಾಯಿಯಲ್ಲಿ ಕನ್ನಡಿ ಇಟ್ಟು ಹುಡುಕಿದ, ತಟ್ಟಿದ, ಫೋಟೋ ತೆಗೆದ. ಕೊನೆಗೆ, "ಆಂಟಿ, ಹಲ್ಲು ಎಲ್ಲ ಫಸ್ಟ್ ಕ್ಲಾಸ್ ಉಂಟು," ಎಂದ. ಜೀವಮಾನದಲ್ಲಿ ನನಗೆ ಫಸ್ಟ್ ಕ್ಲಾಸ್ ಸಿಕ್ಕಿದ್ದು ಅದೊಂದೇ ಸಲ, ಅದೂ ಬೇಡದ ಹೊತ್ತಿನಲ್ಲಿ.

ಕಾರಿನಲ್ಲಿ ಕೂತ ಮೇಲೆ ನಮ್ಮವರು ಖುಷಿಯಿಂದ, "ಹಾಗಾದ್ರೆ ಊರಿಗೆ ಹೋಗುದು ಬೇಡ ಅಲ್ವಾ?" ಎಂದರು. ಆಗ ಹೇಳಿದೆ. ಸತ್ಯವೇ ನಮ್ಮ ತಾಯಿ ತಂದೆ ಎಂಬ ಭಾವದಿಂದ ಹೇಳಿದ್ದಲ್ಲ. ಇನ್ನೊಂದು ಸುಳ್ಳು ಹುಡುಕುವಷ್ಟು ತ್ರಾಣ ಮೈಯಲ್ಲಿ ಉಳಿದಿರಲಿಲ್ಲ.

ಅವರು ಸಿಗ್ನಲ್ ಹಸಿರಾದರೂ ಹಾಗೇ ನಿಂತರು. ಹಿಂದಿನವರು ಹಾರ್ನ್ ಹಾಕಿದ ಮೇಲೆ ಗೇರು ಹಾಕಿದರು.

"ಎಷ್ಟು ಸಬ್ಜೆಕ್ಟ್?"

"ಒಂದೇ."

"ಯಾವುದು?"

"ಯುರೋಪು."

ಎರಡು ದಿನ ಮಾತಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಭ್ಯಾಸ ಇದೆ. ಮಾತೇ ಆಡದವರ ಜೊತೆ ಏನು ಮಾಡುವುದು? ಶುಕ್ರವಾರ ಬೆಳಿಗ್ಗೆ ನೀರುದೋಸೆಯ ತಟ್ಟೆ ಮುಂದಿಟ್ಟುಕೊಂಡು ಅವರಾಗಿಯೇ ಶುರುಮಾಡಿದರು. "ಒಂಬತ್ತು ವರ್ಷದಿಂದ ಧೃತಿಯ ಶಾಲೆಯ ಮೀಟಿಂಗಿಗೆ ಬರ್ತಿದ್ದೇನೆ. ಒಂದು ದಿನ ಬಾಯಿ ಬಿಟ್ಟಿದ್ದೇನಾ?"

ಇಲ್ಲ ಎಂದು ತಲೆಯಾಡಿಸಿದೆ. ಅವರಿಗೆ ಆಸಕ್ತಿ ಇಲ್ಲ ಎಂದೇ ನಾನು ತಿಳಿದಿದ್ದೆ.

"ಟೀಚರ್ ಹತ್ರ ಕೇಳ್ಬೇಕು ಅಂತ ಸುಮಾರು ಸಲ ಆಗ್ತಿತ್ತು. ಪಕ್ಕದಲ್ಲಿ ನೀನು, ಓದಿದವಳು. ನಾನು ಎಂತದಾದ್ರೂ ತಪ್ಪು ಮಾತಾಡಿದ್ರೆ ನಿನಗೆ ನಾಚಿಕೆ ಆಗ್ತದೆ ಅಂತ ಸುಮ್ಮನೆ ಕೂತೆ ಮಾರಾಯ್ತಿ."

ಹೇಳಿ ದೋಸೆ ಮುರಿದರು. ಯುದ್ಧ ಗೆದ್ದೆನೆಂದು ನಾನು ಬೀಗುತ್ತಿದ್ದಾಗಲೆಲ್ಲ ಎದುರಿನವರು ಸೋತದ್ದಲ್ಲ, ನನ್ನ ಮರ್ಯಾದೆ ಉಳಿಸಲು ಬಾಯಿ ಮುಚ್ಚಿಕೊಂಡದ್ದು. ನಾನು ಏನಾದರೂ ಹೇಳುವಷ್ಟರಲ್ಲಿ ಅವರೇ ಕೈ ತೊಳೆದು ಬಂದು, "ಟಿಕೆಟ್ ಮಾಡಿದ್ದೇನೆ. ಪಾಸಾಗಿ ಬಾ. ಮುಂದಿನ ಸಲಕ್ಕೆ ಹಲ್ಲು ನೋವು ನಡೆಯುದಿಲ್ಲ," ಎಂದರು.

ಮಂಗಳೂರಿನ ಆ ಕಾಲೇಜಿನ ಬಾಗಿಲಲ್ಲೇ ಹುಡುಗಿಯೊಬ್ಬಳು ನನ್ನನ್ನು ತಡೆದು, "ಪೇರೆಂಟ್ಸ್ ಹೊರಗೆ ಕೂತ್ಕೊಳ್ಬೇಕು ಆಂಟಿ," ಎಂದಳು. ಅವಳೇ ಮೇಲ್ವಿಚಾರಕಿ. ಹಾಲ್ ಟಿಕೆಟ್ ತೋರಿಸಿದ ಮೇಲೆ ನನಗಿಂತ ಅವಳಿಗೇ ಹೆಚ್ಚು ಸಂಕೋಚವಾಯಿತು. ಹಳೇ ಸ್ಕೀಮಿನವರು ಒಟ್ಟು ಆರು ಜನ. ಪಕ್ಕದ ಬೆಂಚಿನಲ್ಲಿ ಬಿಳಿ ಅಂಗಿಯ, ನರೆತ ಮೀಸೆಯ ಒಬ್ಬರು ಅರ್ಧ ಗಂಟೆ ಪೆನ್ನು ಕಚ್ಚಿ, ಕೊನೆಗೆ ನನ್ನ ಕಡೆ ವಾಲಿ, "ಮೇಡಮ್, ಈ ಗ್ಯಾರಿಬಾಲ್ಡಿ ಯಾವ ಕಡೆಯವ?" ಎಂದು ಪಿಸುಗುಟ್ಟಿದರು. "ಇಟಲಿ," ಎಂದುಬಿಟ್ಟೆ. ಇತಿಹಾಸದ ವಿಷಯದಲ್ಲಿ ಒಬ್ಬರು ನನ್ನ ಸಲಹೆ ಕೇಳಿದ್ದು ಅದೇ ಮೊದಲು, ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ವಿಯೆನ್ನಾ ಸಮ್ಮೇಳನದ ಬಗ್ಗೆ ದೀರ್ಘ ಉತ್ತರ ಬರೆಯಬೇಕಿತ್ತು. ನೆಪೋಲಿಯನ್ ಸೋತ ಮೇಲೆ ರಾಜರೆಲ್ಲ ಸೇರಿ, ನಡುವೆ ಏನೂ ನಡೆದೇ ಇಲ್ಲ ಎನ್ನುವಂತೆ ಎಲ್ಲವನ್ನೂ ಮೊದಲಿನ ಜಾಗದಲ್ಲೇ ಜೋಡಿಸಿಡಲು ನೋಡಿದ ಕಥೆ. ಆ ಕೆಲಸದ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಲ್ಕು ಪುಟ ಬರೆದೆ.

ನಲವತ್ತಾರು ಅಂಕ ಬಂತು. ತಾತ್ಕಾಲಿಕ ಪ್ರಮಾಣಪತ್ರ ತರಿಸಿ, ಹತ್ತಾರು ಸೀಲು ಹಾಕಿಸಿ, ಎರಡೂ ಕೈಯಲ್ಲಿ ಹಿಡಿದು ಶೈನಿಗೆ ಕೊಟ್ಟೆ. ಅವಳು ಅದರಲ್ಲಿದ್ದ ಒಂದಕ್ಷರವನ್ನೂ ಓದದೆ ಪಂಚ್ ಮಾಡಿ ಫೈಲಿಗೆ ಸೇರಿಸಿ, "ಖಲಾಸ್," ಎಂದಳು.

ಕಳೆದ ವಾರ ಧೃತಿಯ ಶಾಲೆಯಲ್ಲಿ ಮೀಟಿಂಗ್ ಇತ್ತು. ಸೋಶಿಯಲ್ ಟೀಚರು ಲಕ್ನೋ ಕಡೆಯವರು. ಉತ್ತರ ಪತ್ರಿಕೆ ಬಿಡಿಸಿಟ್ಟು ಹಿಂದಿಯಲ್ಲಿ ದುಃಖ ತೋಡಿಕೊಂಡರು. ಮೂರು ಅಂಕದ ಪ್ರಶ್ನೆಗೆ ನಿಮ್ಮ ಮಗಳು ಎರಡು ಪುಟ ಬರೆಯುತ್ತಾಳೆ. ಮೊದಲಿಗೊಂದು ಪೀಠಿಕೆ, ಕೊನೆಗೊಂದು ಉಪಸಂಹಾರ, ಕೊನೆಯ ನಾಲ್ಕು ಪ್ರಶ್ನೆ ಮುಟ್ಟಲು ಸಮಯವೇ ಸಿಕ್ಕಿಲ್ಲ. ಇಂಥ ಟ್ಯೂಷನ್ ಎಲ್ಲಿ ಕೊಡಿಸುತ್ತಿದ್ದೀರಿ? ಧೃತಿ ತಲೆಯೆತ್ತಿ ಛಾವಣಿ ನೋಡಿದಳು. ನಾನು ಹ್ಯಾಂಡ್‌ಬ್ಯಾಗಿನಲ್ಲಿ ಏನೋ ಹುಡುಕತೊಡಗಿದೆ. ಆಗ ನಮ್ಮವರು ಗಂಟಲು ಸರಿಪಡಿಸಿಕೊಂಡರು. "ಟ್ಯೂಷನ್ ಇಲ್ಲ ಮೇಡಮ್," ಎಂದು ಅವರ ಏಸಿ ಹಿಂದಿಯಲ್ಲಿ, ಹಿಂದಿನ ಸಾಲಿನ ಪೋಷಕರಿಗೂ ಕೇಳುವಂತೆ ಹೇಳಿದರು, "ಇವಳ ಅಮ್ಮನೇ ಕಲಿಸಿದ್ದು. ಬಿ.ಎ. ಹಿಸ್ಟರಿ. ಎರಡು ತಿಂಗಳಾಯ್ತು ಅಷ್ಟೇ, ಪಾಸಾಗಿ."

ಟೀಚರು ನನ್ನನ್ನು ನೋಡಿದರು. ಅಭಿನಂದಿಸಿದರು. ಆಮೇಲೆ ತುಂಬ ಮೃದುವಾಗಿ, ಇನ್ನು ಮುಂದೆ ಮನೆಯಲ್ಲಿ ಇತಿಹಾಸ ಕಲಿಸಬೇಡಿ ಎಂದು ಕೇಳಿಕೊಂಡರು. ಒಪ್ಪಿಕೊಂಡೆ.

ಒಂಬತ್ತು ವರ್ಷದ ಮೌನ ಮುರಿದ ನಮ್ಮವರು ಅಲ್ಲಿಗೆ ನಿಲ್ಲಿಸಲಿಲ್ಲ. ಗಣಿತದ ಬಗ್ಗೆ ಕೇಳಿದರು, ಬಸ್ಸಿನ ಬಗ್ಗೆ ಕೇಳಿದರು, ಕೊನೆಗೆ ಗೋಡೆಯ ಏಸಿಯತ್ತ ಬೆರಳು ತೋರಿಸಿ, ಈ ಸದ್ದಿನಲ್ಲಿ ಮಕ್ಕಳು ಪಾಠ ಕೇಳುವುದು ಹೇಗೆ, ಫಿಲ್ಟರು ಯಾವಾಗ ತೊಳೆದದ್ದು ಎಂದು ವಿಚಾರಿಸಿದರು. ಟೀಚರಿಗೆ ಗೊತ್ತಿರಲಿಲ್ಲ. ನಮ್ಮವರು ಚಪ್ಪಲಿ ಕಳಚಿ ಕುರ್ಚಿ ಹತ್ತಿದರು. ಇಡೀ ತರಗತಿಯ ಪೋಷಕರು ಸಾಲು ಮರೆತು ಸುತ್ತ ನೆರೆದರು. ಕುರ್ಚಿಯ ಒಂದು ಕಾಲು ಕುಂಟುತ್ತಿತ್ತು.

"ಸರಿಯಾಗಿ ಹಿಡ್ಕೋ ಮಾರಾಯ್ತಿ," ಎಂದರು ಮೇಲಿನಿಂದ.

ಬಿ.ಎ. ಪಾಸಾದ ನಾನು ಕೆಳಗೆ ಬಗ್ಗಿ ಎರಡೂ ಕೈಯಲ್ಲಿ ಹಿಡಿದುಕೊಂಡೆ.