ಎಡಗೆನ್ನೆಯ ಕ್ಷೌರ

ಸಾಯುತ್ತಾನೆ ಎಂದು ಎಲ್ಲರೂ ತೀರ್ಮಾನಿಸಿದ ಮನುಷ್ಯ ಬದುಕಿ ಬಂದುಬಿಟ್ಟರೆ ಹೆಚ್ಚು ಪೇಚಿಗೆ ಸಿಕ್ಕುವವರು ಅವನ ಬಂಧುಗಳು. ಬೆಂಗಳೂರಿನಲ್ಲಿ ಬಾಯಿಯ ಕ್ಯಾನ್ಸರಿಗೆ ಕರೆಂಟು, ಅಂದರೆ ವಿಕಿರಣ, ಇಡಿಸಿಕೊಂಡು ನಾನು ಹೊಳೆನರಸೀಪುರಕ್ಕೆ ಮರಳಿದಾಗ, ಕೊನೆಯದಾಗಿ ಒಮ್ಮೆ ಮುಖ ನೋಡೋಣವೆಂದು ಅರಕಲಗೂಡಿನಿಂದ ಬಂದಿದ್ದ ನನ್ನ ಷಡ್ಡಕ, ನಾನು ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡದ್ದನ್ನು ಕಂಡು ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ. ಪಾಪ, ಆಫೀಸಿಗೆ ರಜೆ ಹಾಕಿ ಬಂದಿದ್ದ. ಹೊಗೆಸೊಪ್ಪು ಬಿಟ್ಟೆ, ಖಾರ ಬಿಟ್ಟೆ. ಜಂಬ ಮಾತ್ರ ಬಿಡಲಾಗಲಿಲ್ಲ. "ಕಾಯಿಲೆ ಮುಗೀತು. ಇನ್ನು ಈ ಮನೆಯಲ್ಲಿ ಯಾರೂ ಅದರ ಮಾತೆತ್ತಕೂಡದು, ನನ್ನ ಕತ್ತು ಮುಟ್ಟಿ ನೋಡಕೂಡದು" ಎಂದು ಆಜ್ಞೆ ಹೊರಡಿಸಿದೆ. ಮಹಾರಾಜರ ಕಾಲದಿಂದಲೂ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿರುವವನಿಗೆ ಆಜ್ಞೆ ಹೊರಡಿಸುವುದು ಕಷ್ಟವಲ್ಲ. ದವಡೆಯ ಕೆಳಗೆ ಗಂಟು ಏಳುತ್ತದೇನೋ ವಾರವಾರವೂ ನೋಡಿಕೊಳ್ಳಿ ಎಂದು ಡಾಕ್ಟರು ನನ್ನಾಕೆಯ ಎದುರಿಗೇ ಹೇಳಿದ್ದರು. ತಲೆಯಾಡಿಸಿ ಬಂದಿದ್ದೆ. ನಿಜ ಹೇಳುತ್ತೇನೆ, ಅಲ್ಲಿಗೆ ಬೆರಳು ಒಯ್ಯುವ ಧೈರ್ಯ ನನಗಿರಲಿಲ್ಲ.

ಕರೆಂಟಿನಿಂದ ಇನ್ನೊಂದು ವಿಚಿತ್ರವಾಯಿತು. ಎಡಗೆನ್ನೆಯಲ್ಲಿ ಗಡ್ಡ ಹುಟ್ಟುವುದೇ ನಿಂತಿತು. ಆದರೂ ಭಾನುವಾರ ಬೆಳಿಗ್ಗೆ ಮನೆಗೆ ಬರುವ ಕ್ಷೌರದ ನಂಜಪ್ಪ, ಬಲಗೆನ್ನೆ ಮುಗಿಸಿದ ಮೇಲೆ ಬೋಳು ಎಡಗೆನ್ನೆಗೂ ಸೋಪು ಹಚ್ಚಿ, ದವಡೆಯ ಕೆಳಗೆಲ್ಲ ನಿಧಾನವಾಗಿ ಬೆರಳಾಡಿಸಿ, ಕತ್ತಿ ಎಳೆಯುತ್ತಿದ್ದ. "ಅಲ್ಲೇನಿದೆಯಪ್ಪಾ ಬೋಳಿಸೋಕೆ?" ಎಂದರೆ, "ಇರ್ಲಿ ಬುಡಿ ಮೇಷ್ಟ್ರೇ. ಅರ್ಧ ಮಕ ಮಾಡಿ ಎದ್ದೋದ ಅಂತ ಜನ ಅನ್ನಲ್ವಾ?" ಎನ್ನುತ್ತಿದ್ದ. ನನ್ನ ಮಾನ ಉಳಿಸಲು ಈ ನಾಟಕ ಎಂದುಕೊಂಡು ನಾನೂ ಗಂಭೀರವಾಗಿ ಕೆನ್ನೆ ಒಡ್ಡುತ್ತಿದ್ದೆ. ಆಮೇಲೆ ನಾನು ಸ್ನಾನಕ್ಕೆ ಹೋಗುತ್ತಿದ್ದೆ. ನನ್ನಾಕೆ ಅವನಿಗೆ ಹಿತ್ತಲಲ್ಲಿ ಕಾಫಿ ಕೊಡುತ್ತಿದ್ದಳು.

ಒಂದು ಭಾನುವಾರ ನಂಜಪ್ಪನಿಗೆ ಜ್ವರವೆಂದು ಅವನ ತಮ್ಮ ಬಂದ. ಬಲಗೆನ್ನೆ ಮಾಡಿದ, ಎಡಗೆನ್ನೆ ನೋಡಿದ, "ಈ ಕಡೆ ಏನೂ ಇಲ್ವಲ್ಲ ಸಾ" ಎಂದು ಪೆಟ್ಟಿಗೆ ಮುಚ್ಚಿಕೊಂಡು ಹೊರಟ. ಒಳಗಿಂದ ನನ್ನಾಕೆ ಓಡಿ ಬಂದಳು.

"ಎಡಗಡೆ ನೋಡ್ದೇನೇ ಹೋಗ್ಬಿಟ್ನಲ್ರೀ."

"ನೋಡೋಕೆ ಅವನೇನು ಡಾಕ್ಟರೇ?" ಎಂದು ನಕ್ಕೆ.

ಅವಳು ನಗಲಿಲ್ಲ. "ನಂಜಪ್ಪ ನೋಡ್ತಿದ್ದ. ನೀವು ಮುಟ್ಟಬಾರದು ಅಂದ್ಬಿಟ್ರಲ್ಲ, ಅದಕ್ಕೇ ಅವನನ್ನ ಕೇಳ್ಕೊಂಡಿದ್ದೆ. ಕಾಫಿ ಕುಡೀವಾಗ 'ಗಂಟಿಲ್ಲ ಕಣಮ್ಮಾ' ಅಂತ ಹೇಳಿ ಹೋಗ್ತಿದ್ದ. ಈ ವಾರ ಪೂರ್ತಿ ನಾನು ಹೇಗ್ರೀ ಇರ್ಲಿ?"

ಮೊದಲು ಸಿಟ್ಟು ಬಂತು. ಅವಳ ಮುಖ ನೋಡಿದ ಮೇಲೆ ಸಿಟ್ಟು ನಿಲ್ಲಲಿಲ್ಲ. ನಾನು ಧೈರ್ಯವಂತನಂತೆ ಓಡಾಡಿಕೊಂಡಿದ್ದ ಎರಡು ವರ್ಷವೂ ನನ್ನ ಪಾಲಿನ ಹೆದರಿಕೆಯನ್ನೂ ಸೇರಿಸಿ ಅವಳೊಬ್ಬಳೇ ಹೆದರಿದ್ದಳು. ನಾಚಿಕೆಯಾಯಿತು. ಹಾಗೆಂದು ಹೇಳಲು ಬಾಯಿ ಬರಬೇಕಲ್ಲ. "ಸರಿ, ನಿನ್ನ ಸಮಾಧಾನಕ್ಕೆ ನೀನೇ ನೋಡು" ಎಂದು, ದೊಡ್ಡ ಉಪಕಾರ ಮಾಡುವವನಂತೆ ಕತ್ತು ಚಾಚಿದೆ. ಅಕ್ಕಿ ತೊಳೆದ ಕೈ, ತಣ್ಣಗಿತ್ತು. "ಏನೂ ಇಲ್ಲ" ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ಭಾನುವಾರದ ಈ ಕೆಲಸ ಅವಳದು. ಅವಳ ಸಮಾಧಾನಕ್ಕಾಗಿ ಒಪ್ಪಿಕೊಂಡಿದ್ದೇನೆ ಎಂದೇ ನಾನು ಎಲ್ಲರಿಗೂ ಹೇಳುವುದು. ಮೊನ್ನೆ ಅವಳು ಹಪ್ಪಳ ಲಟ್ಟಿಸುವ ಗಡಿಬಿಡಿಯಲ್ಲಿ ಅದನ್ನು ಮರೆತೇಬಿಟ್ಟಳು. ಅವಳ ಮುಂದೆ ಮೂರು ಸಲ ಸುಳಿದೆ, ಒಂದು ಸಲ ಕೆಮ್ಮಿದೆ. ಕೊನೆಗೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕತ್ತು ಚಾಚಿದೆ.

"ಕೈಯೆಲ್ಲ ಹಿಟ್ಟು, ಇರ್ರೀ" ಎಂದಳು.

"ಹಿಟ್ಟಾದ್ರೂ ಪರವಾಗಿಲ್ಲ, ನೋಡೇ" ಎಂದೆ.